ವಿಮಾನ ಹತ್ತಲು ಇಂಗ್ಲಿಷ್ ಬೇಕಿಲ್ಲ!

(ಮೊದಲ ಸಲ ವಿಮಾನದಲ್ಲಿ ಹೊರಟವರಿಗಾಗಿ ಕನ್ನಡ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಗಳ ಬಾಣಂತನಕ್ಕೆಂದು ದೂರದೂರಿಗೆ ಹೊರಟ ತಾಯಂದಿರು ಇಲ್ಲಿದ್ದೀರಿ. ಕಾಶಿಗೆ ಹೊರಟ ಹಿರಿಯರಿದ್ದೀರಿ. ಕೆಲಸದ ಸಂದರ್ಶನಕ್ಕೆ ದಿಲ್ಲಿಗೆ ಹೊರಟ ಹುಡುಗರಿದ್ದೀರಿ. ಟಿಕೇಟು ಕೈಯಲ್ಲಿದೆ, ಎದೆಯಲ್ಲಿ ಮಾತ್ರ ಡವಡವ! ಯಾಕೆಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: "ಅಲ್ಲಿ ಇಂಗ್ಲಿಷಿನಲ್ಲಿ ಏನೇನೋ ಕೇಳುತ್ತಾರಂತೆ. ಉತ್ತರ ಹೇಳಲಾಗದೆ ನಾಲ್ಕು ಜನರ ಮುಂದೆ ನಗೆಪಾಟಲಾದರೆ?"

ಬಂಧುಗಳೆ, ವಿಮಾನ ಯಾರಪ್ಪನ ಆಸ್ತಿಯೂ ಅಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಚಪ್ಪಲಿ ಹಾಕಿದವನೂ ವಿಮಾನ ಹತ್ತಬಹುದೆಂದು ತೋರಿಸಿದರು. ಇಂದು ಬೆಂಗಳೂರು, ಮಂಗಳೂರು ಮಾತ್ರವಲ್ಲ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮೈಸೂರು, ಶಿವಮೊಗ್ಗಗಳಲ್ಲೂ ವಿಮಾನ ನಿಲ್ದಾಣಗಳಿವೆ. ಅಲ್ಲಿ ತಿಳಿದಿರಬೇಕಾದದ್ದು ಬೆರಳೆಣಿಕೆಯಷ್ಟು ಸಂಗತಿ. ಅಷ್ಟನ್ನೂ ಕನ್ನಡದಲ್ಲೇ ಹೇಳಬಹುದು. ಹೇಳುತ್ತೇನೆ, ಕೇಳಿ.

ಮನೆಯಲ್ಲೇ ಮಾಡಬೇಕಾದದ್ದು

ಮೊದಲು ಹೆಸರು ನೋಡಿ. ನಮ್ಮಲ್ಲಿ ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಕೂರುತ್ತವೆ. ಟಿಕೇಟಿನ ಫಾರಮ್ಮು ಮೊದಲ ಹೆಸರು, ಕೊನೆಯ ಹೆಸರು ಎಂದು ಬೇರೆ ಬೇರೆ ಕೇಳುತ್ತದೆ. ಆಧಾರಿನಲ್ಲಿ ಒಂದು, ಟಿಕೇಟಿನಲ್ಲಿ ಇನ್ನೊಂದು ಆದರೆ ಬಾಗಿಲಲ್ಲೇ ತಕರಾರು. ಟಿಕೇಟು ಮಾಡಿಸುವಾಗ ಆಧಾರ್ ಚೀಟಿ ಮುಂದಿಟ್ಟು, ಅದರಲ್ಲಿದ್ದಂತೆಯೇ ಬರೆಸಿ. ವಿದೇಶಕ್ಕಾದರೆ ಪಾಸ್‌ಪೋರ್ಟಿನಲ್ಲಿದ್ದಂತೆ.

ಎರಡನೆಯದು ತೂಕ. ದೇಶದೊಳಗಿನ ಸಾಮಾನ್ಯ ಟಿಕೇಟಿಗೆ ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲ 15 ಕಿಲೋ, ಕೈಚೀಲ 7 ಕಿಲೋ ಎಂಬುದೇ ಹೆಚ್ಚಿನ ಲೆಕ್ಕ. ನಿಮ್ಮ ಟಿಕೇಟಿನಲ್ಲಿ ಎಷ್ಟಿದೆ ಎಂದು ಓದಿಸಿಕೊಳ್ಳಿ. ಹೆಚ್ಚಾದರೆ ಅಲ್ಲಿ ಕಿಲೋ ಲೆಕ್ಕದಲ್ಲಿ ಹಣ ಕೀಳುತ್ತಾರೆ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡೇ ಹೊರಡಿ.

ಮೂರನೆಯದು, ಯಾವುದು ಎಲ್ಲಿ? ಈಳಿಗೆಮಣೆ, ಅಡಕತ್ತರಿ, ಚಾಕು ದೊಡ್ಡ ಚೀಲದಲ್ಲಿರಲಿ. ಉಪ್ಪಿನಕಾಯಿ, ತುಪ್ಪವನ್ನು ಸೋರದಂತೆ ಕಟ್ಟಿ ಅದರಲ್ಲೇ ಇಡಿ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣ, ಲೈಟರ್ ಎರಡರಲ್ಲೂ ಕೂಡದು. ತಿಪಟೂರು ಕಡೆಯವರು ಇನ್ನೊಂದು ಮಾತು ನೆನಪಿಡಿ: ಒಣಕೊಬ್ಬರಿಯನ್ನೂ ಒಯ್ಯುವಂತಿಲ್ಲ. ಎಣ್ಣೆಯಂಶದ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಅಪಾಯದ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ದಿನದ ಮಾತ್ರೆ, ಡಾಕ್ಟರ ಚೀಟಿ, ಒಡವೆ, ಹಣ ಕೈಚೀಲದಲ್ಲಿರಲಿ.

ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಟಿಕೇಟು ಮಾಡಿಸುವಾಗಲೇ ಹೇಳಿ. ತಡವಾದರೂ ಹೊರಡುವ 48 ಗಂಟೆ ಮೊದಲು ತಿಳಿಸಿರಿ.

ನಿಲ್ದಾಣದಲ್ಲಿ ನಾಲ್ಕು ಬಾಗಿಲು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರ್. ಹೆಬ್ಬಾಳದ ವಾಹನದಟ್ಟಣೆ ನಿಮ್ಮ ವಿಮಾನಕ್ಕಾಗಿ ಕಾಯುವುದಿಲ್ಲ! ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ ಮೊದಲು, ವಿದೇಶಕ್ಕೆ ಮೂರು ಗಂಟೆ ಮೊದಲು ಅಲ್ಲಿರಿ. ಅಲ್ಲಿ ಎರಡು ಟರ್ಮಿನಲ್ ಇವೆ. ನಿಮ್ಮದು ಯಾವುದೆಂದು ಮೊದಲೇ ತಿಳಿದುಕೊಳ್ಳಿ.

ಮೊದಲ ಬಾಗಿಲಲ್ಲಿ ಟಿಕೇಟು, ಗುರುತಿನ ಚೀಟಿ ನೋಡುತ್ತಾರೆ. ಬೀಳ್ಕೊಡಲು ಬಂದವರು ಇಲ್ಲಿಂದಲೇ ಹಿಂದಿರುಗಬೇಕು. ಮುಖ ತೋರಿಸಿ ಒಳಗೆ ಹೋಗುವ 'ಡಿಜಿ ಯಾತ್ರಾ' ಎಂಬ ಹೊಸ ಏರ್ಪಾಡು 2022ರ ಡಿಸೆಂಬರಿನಿಂದ ಇದೆ. ಅದು ಕಡ್ಡಾಯವಲ್ಲ. ಬೇಡವಾದರೆ ಆಧಾರ್ ತೋರಿಸಿಯೇ ಹೋಗಿ.

ಎರಡನೆಯದು ನಿಮ್ಮ ವಿಮಾನ ಕಂಪನಿಯ ಕೌಂಟರ್. ದೇಶದೊಳಗಿನ ವಿಮಾನಕ್ಕೆ ಅದು ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ಅಲ್ಲಿ ಚೀಲ ಒಪ್ಪಿಸಿ, ಬೋರ್ಡಿಂಗ್ ಪಾಸ್ ಪಡೆಯಿರಿ. ಚೀಲಕ್ಕೆ ಕೊಡುವ ಚೀಟಿ ಕಳೆಯಬೇಡಿ.

ಮೂರನೆಯದು ತಪಾಸಣೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ, ವಿಮಾನ ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಬಂತು. ಬೆಂಗಳೂರು, ಮಂಗಳೂರಿನಲ್ಲಿ ಇರುವವರು ಅವರೇ. ಮೊಬೈಲು, ಪರ್ಸು, ಬೆಲ್ಟು ತಟ್ಟೆಯಲ್ಲಿಟ್ಟು ಕೈ ಅಗಲಿಸಿ ನಿಂತರೆ ಮುಗಿಯಿತು. ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ಪರೀಕ್ಷಿಸುತ್ತಾರೆ. ಇದು ಎಲ್ಲರಿಗೂ ಇರುವುದೇ. ಅವಮಾನವೆಂದುಕೊಳ್ಳಬೇಡಿ.

ನಾಲ್ಕನೆಯದು ಗೇಟು. ಎಡವುವುದು ಇಲ್ಲೇ! ಕೊನೆ ಗಳಿಗೆಯಲ್ಲಿ ಗೇಟಿನ ನಂಬರ್ ಬದಲಾಗುವುದುಂಟು. ಹಲವು ನಿಲ್ದಾಣಗಳು ಈಗ 'ಮೌನ ನಿಲ್ದಾಣ'. ಬಸ್‌ಸ್ಟ್ಯಾಂಡಿನಂತೆ ಕೂಗಿ ಕರೆಯುವುದಿಲ್ಲ. ಟಿವಿ ಪರದೆ ನೋಡಬೇಕು. ಓದಲು ಬಾರದಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಸಿಬ್ಬಂದಿಗೆ ಪಾಸ್ ತೋರಿಸಿ, "ನನ್ನ ಗೇಟು ಇದೇ ತಾನೆ?" ಎಂದು ಕೇಳಿ. ಹೊರಡುವ 20-25 ನಿಮಿಷ ಮೊದಲೇ ಗೇಟು ಮುಚ್ಚಿಬಿಡುತ್ತದೆ.

ಗಗನಸಖಿ ಹೇಳುವುದೇನು?

ಒಳಗೆ ಕೂತ ಮೇಲೆ ಗಗನಸಖಿಯರು ಕೈಯಾಡಿಸಿ ಏನೋ ತೋರಿಸುತ್ತಾರೆ. ಹೇಳುವುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಅದು ನಿಮ್ಮ ಪ್ರಾಣದ ಮಾತು! ಕನ್ನಡದಲ್ಲಿ ಅದು ಇಷ್ಟೇ:

ಸೊಂಟದ ಬೆಲ್ಟು ಬಿಗಿದುಕೊಳ್ಳಿ. ಬಿಚ್ಚಲು ಅದರ ಮುಚ್ಚಳ ಎತ್ತಿದರಾಯಿತು. ಒಳಗಿನ ಗಾಳಿಯ ಒತ್ತಡ ಇಳಿದರೆ ಮೇಲಿನಿಂದ ಆಮ್ಲಜನಕದ ಮುಖವಾಡ ಬೀಳುತ್ತದೆ. ಅದನ್ನು ಎಳೆದು ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ ಹಾಕಿ. ತಾಯಂದಿರಿಗೆ ಇದು ಕಲ್ಲೆದೆಯ ಮಾತೆನಿಸೀತು. ಆದರೆ ತಾಯಿಯೇ ಎಚ್ಚರ ತಪ್ಪಿದರೆ ಮಗುವಿಗೆ ಹಾಕುವವರು ಯಾರು? ತೇಲುವ ಅಂಗಿ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ಅದಕ್ಕೆ ವಿಮಾನದ ಒಳಗೆ ಗಾಳಿ ತುಂಬಬೇಡಿ, ಬಾಗಿಲು ದಾಟುವಾಗ ತುಂಬಿ. ತುರ್ತು ಬಾಗಿಲು ನಿಮ್ಮ ಸೀಟಿನಿಂದ ಎಷ್ಟನೆಯ ಸಾಲಿನಲ್ಲಿದೆ ಎಂದು ಎಣಿಸಿಕೊಳ್ಳಿ. ಓಡಬೇಕಾಗಿ ಬಂದರೆ ಚೀಲ ಬಿಟ್ಟು ಓಡಿ.

ಈ ಕೊನೆಯ ಮಾತಿನ ಬೆಲೆ ಗೊತ್ತೆ? 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಆ ದೊಡ್ಡ ವಿಮಾನದಲ್ಲಿದ್ದ 379 ಜನರೂ ಬದುಕಿ ಹೊರಬಂದರು. ಚೀಲ ಬಿಡಿ ಎಂದದ್ದು ಅವರಿಗೆ ತಿಳಿಯಿತು, ಬಿಟ್ಟರು. ತಿಳಿಯುವ ಭಾಷೆಯಲ್ಲಿ ಹೇಳಿ ಎಂದು ನಾವು ಕೇಳುವುದು ಸುಮ್ಮನೆ ಹಟಕ್ಕಲ್ಲ.

ಹೆದರಬೇಡಿ

ಏರಿದ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗುತ್ತದೆ. ಕೆಟ್ಟಿತೆಂದು ಗಾಬರಿ ಬೇಡ. ಪೈಲಟ್ ವೇಗ ಹದಗೊಳಿಸುತ್ತಾನೆ, ಅಷ್ಟೇ. ಕೆಳಗೆ ದಡ್ ಎಂದರೆ ಗಾಲಿ ಒಳಗೆ ಹೋಯಿತೆಂದು ಅರ್ಥ. ಇಳಿದ ಕೂಡಲೇ ಮೊರೆಯುವ ಸದ್ದು ವೇಗ ತಗ್ಗಿಸುವುದಕ್ಕೆ. ನಡುವೆ ಗುಂಡಿ ಬಿದ್ದ ರಸ್ತೆಯಂತೆ ಕುಲುಕಿದರೆ ಬೆಲ್ಟು ಬಿಗಿದು ಕೂತಿರಿ. ಒಳಗಿನ ಗಾಳಿಯ ಒತ್ತಡ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿರುವಷ್ಟು. ಅದಕ್ಕೇ ಇಳಿಯುವಾಗ ಕಿವಿ ಕಟ್ಟುತ್ತದೆ. ಪೆಪ್ಪರಮೆಂಟು ಚೀಪಿ, ಎಂಜಲು ನುಂಗಿ. ಕೂಸಿಗೆ ಹಾಲೂಡಿಸಿ.

ನಿಮ್ಮ ಹಕ್ಕು

ಸೀಟಿಗಿಂತ ಹೆಚ್ಚು ಟಿಕೇಟು ಮಾರಿ, ವೇಳೆಗೆ ಸರಿಯಾಗಿ ಬಂದ ನಿಮ್ಮನ್ನೇ ಹತ್ತಿಸದಿದ್ದರೆ ಸುಮ್ಮನಿರಬೇಡಿ. ಡಿಜಿಸಿಎ ನಿಯಮವಿದೆ. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದೆ, 24 ಗಂಟೆಯೊಳಗೆ ಕೊಟ್ಟರೆ 10,000 ರೂಪಾಯಿವರೆಗೆ, ಅದಕ್ಕೂ ತಡವಾದರೆ 20,000 ರೂಪಾಯಿವರೆಗೆ ಪರಿಹಾರ ಕೊಡಬೇಕು. ವಿಮಾನ ಗಂಟೆಗಟ್ಟಲೆ ತಡವಾದರೆ ಊಟ ತಿಂಡಿ ಕೇಳಿ ಪಡೆಯಿರಿ. ರದ್ದಾದರೆ ಬೇರೆ ವಿಮಾನ ಇಲ್ಲವೆ ಹಣ ವಾಪಸು.

ಭಾಷೆಯ ಮಾತೂ ಹಾಗೆಯೇ. ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಇರಬೇಕೆಂದು 2018ರ ಡಿಸೆಂಬರಿನಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯವೇ ಸೂಚಿಸಿತು. ಕರ್ನಾಟಕದ ನಿಲ್ದಾಣದಲ್ಲಿ ಕನ್ನಡ ಕೇಳುವುದು ಭಿಕ್ಷೆಯಲ್ಲ. "ಕನ್ನಡದಲ್ಲಿ ಹೇಳಿ" ಎಂದು ನಗುನಗುತ್ತ ಕೇಳಿ. ಆ ಸಿಬ್ಬಂದಿಗೆ ಬಾರದಿದ್ದರೆ, ಬಲ್ಲವರನ್ನು ಕರೆಯಿರಿ ಎನ್ನಿ. ಜಗಳ ಬೇಡ, ಸಂಕೋಚವೂ ಬೇಡ. ನೀವು ಕೇಳಿದರೆ ನಾಳೆ ಬರುವ ಇನ್ನೊಬ್ಬ ತಾಯಿಗೆ ದಾರಿ ಸಲೀಸಾಗುತ್ತದೆ.

ಕೊನೆಯದಾಗಿ ಯುವಕರಿಗೆ ಒಂದು ಮಾತು. ಸಾಲಿನಲ್ಲಿ ಬೋರ್ಡಿಂಗ್ ಪಾಸನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತ ಹಿರಿಯರು ಕಂಡರೆ, ಕಿವಿಯಲ್ಲಿನ ವೈರು ಕಿತ್ತಿಟ್ಟು, "ಅಜ್ಜಾ, ಯಾವ ಊರಿಗೆ?" ಎಂದು ಕನ್ನಡದಲ್ಲಿ ಕೇಳಿ. ಅವರ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಎಲ್ಲರಿಗೂ ಸುಖ ಪ್ರಯಾಣವಾಗಲಿ.