ಕಂಡದ್ದನ್ನೇ ಬರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಅಮೆರಿಕದಲ್ಲಿ ನೀವು ಮಾಡಿದ ಕೆಲಸದ ಬಗ್ಗೆ ನಮ್ಮ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಿ" ಅಂದರು. ನನ್ನ ತಾಯಿಗೇ ಅದನ್ನು ಅರ್ಥ ಮಾಡಿಸುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಇವತ್ತು ಇಪ್ಪತ್ತು ನಿಮಿಷದಲ್ಲಿ ಪ್ರಯತ್ನಿಸುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೆಲಸಕ್ಕೆ ಸೇರುವಾಗ ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದೇನೆ. ಆದ್ದರಿಂದ ಎಲ್ಲರೂ ಓದಬಹುದಾದ ಪುಸ್ತಕಗಳಲ್ಲಿ ಇರುವಷ್ಟನ್ನೇ ಹೇಳುತ್ತೇನೆ. ನನ್ನ ಸ್ವಂತ ಅನುಭವ ಹೇಳುವಾಗ ಸಂಸ್ಥೆಯ ಹೆಸರಾಗಲಿ, ಹಡಗಿನ ಹೆಸರಾಗಲಿ ಹೇಳುವುದಿಲ್ಲ.

ಯುದ್ಧದ ಹಡಗು ಒಂದು ವಿಮಾನವನ್ನು ರಾಡಾರಿನಲ್ಲಿ ನೋಡುತ್ತದೆ. ಅದೇ ವಿಮಾನ ದೂರದ ಇನ್ನೊಂದು ಹಡಗಿಗೂ, ಆಕಾಶದಲ್ಲಿ ಹಾರುತ್ತಿರುವ ಕಾವಲು ವಿಮಾನಕ್ಕೂ ಕಾಣುತ್ತಿರಬಹುದು. ತಾವು ಕಂಡದ್ದನ್ನು ಅವರೆಲ್ಲ ಬಾಯಿಮಾತಿನಲ್ಲಿ ಹೇಳುತ್ತಾ ಕೂತರೆ ಹೊತ್ತು ಮೀರಿಹೋಗುತ್ತದೆ. ಅದಕ್ಕಾಗಿ ಅವರ ಕಂಪ್ಯೂಟರುಗಳೇ ರೇಡಿಯೋ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಇದಕ್ಕೆ ಟ್ಯಾಕ್ಟಿಕಲ್ ಡೇಟಾ ಲಿಂಕ್ ಎನ್ನುತ್ತಾರೆ. ಅಮೆರಿಕ ಮತ್ತು ನೇಟೋ ದೇಶಗಳಲ್ಲಿ ಹಳೆಯದು ಲಿಂಕ್ 11, ಅದರ ನಂತರದ್ದು ಲಿಂಕ್ 16.

ನಮ್ಮೂರಿನ ಕೆರೆಯ ನೀರು ಹಂಚುವುದನ್ನು ನೆನೆಸಿಕೊಳ್ಳಿ. ನೀರುಗಂಟಿ ಒಬ್ಬೊಬ್ಬರ ಗದ್ದೆಗೂ ಸರದಿಯ ಮೇಲೆ ನೀರು ಬಿಡುತ್ತಾನೆ. ಲಿಂಕ್ 11ರಲ್ಲಿ ಅಂಥ ಒಬ್ಬ ನೀರುಗಂಟಿ ಇದ್ದಾನೆ. ಒಂದು ಹಡಗು "ಈಗ ನೀನು ಹೇಳು, ಈಗ ನೀನು ಹೇಳು" ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತದೆ. ಲಿಂಕ್ 16ರಲ್ಲಿ ನೀರುಗಂಟಿಯೇ ಇಲ್ಲ. ಒಂದು ಸೆಕೆಂಡನ್ನು 128 ಪಾಲು ಮಾಡಿ, ಯಾವ ಪಾಲು ಯಾರದು ಎಂದು ಮೊದಲೇ ಹಂಚಿಟ್ಟಿರುತ್ತಾರೆ. ಎಲ್ಲರ ಗಡಿಯಾರವೂ ಒಂದೇ ಸಮ ನಡೆಯಬೇಕು, ತನ್ನ ಪಾಲು ಬಂದಾಗ ಮಾತ್ರ ಮಾತಾಡಬೇಕು. ಒಬ್ಬರು ಹಾಳಾದರೂ ಉಳಿದವರ ಮಾತು ನಿಲ್ಲುವುದಿಲ್ಲ.

ಏನು ಮಾತಾಡಬೇಕು ಎಂಬುದಕ್ಕೂ ದಪ್ಪನೆಯ ನಿಯಮ ಪುಸ್ತಕವಿದೆ. "ನಾನು ಇಲ್ಲಿದ್ದೇನೆ" ಎನ್ನಲು ಒಂದು ಸಂದೇಶ, "ಆಕಾಶದಲ್ಲಿ ಇಂಥದ್ದು ಕಾಣುತ್ತಿದೆ" ಎನ್ನಲು ಇನ್ನೊಂದು. ಒಂದೇ ವಿಮಾನ ಇಬ್ಬರಿಗೆ ಕಂಡರೆ, ಯಾರಿಗೆ ಚೆನ್ನಾಗಿ ಕಾಣುತ್ತಿದೆಯೋ ಅವರು ವರದಿ ಮಾಡಬೇಕು, ಇನ್ನೊಬ್ಬರು ಸುಮ್ಮನಿರಬೇಕು. ಕಂಡ ಪ್ರತಿಯೊಂದು ವಿಮಾನಕ್ಕೂ ಒಂದು ನಂಬರು. ಹಡಗು ಕಟ್ಟುವವರು ಒಬ್ಬರು, ವಿಮಾನ ಕಟ್ಟುವವರು ಇನ್ನೊಬ್ಬರು. ಇಬ್ಬರೂ ಅದೇ ಪುಸ್ತಕ ಓದಿಯೇ ಕಟ್ಟುತ್ತಾರೆ. ಆದರೆ ಒಂದೇ ಸಾಲನ್ನು ಇಬ್ಬರು ಎರಡು ರೀತಿ ಓದಿಕೊಂಡರೆ? ಅದನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು. ಅಮೆರಿಕದಲ್ಲಿ ಇಂಥ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವುದಕ್ಕೆಂದೇ ಜಾಯಿಂಟ್ ಇಂಟರಾಪರೆಬಿಲಿಟಿ ಟೆಸ್ಟ್ ಕಮಾಂಡ್ ಎಂಬ ಸರ್ಕಾರಿ ಸಂಸ್ಥೆ ಅರಿಝೋನಾ ರಾಜ್ಯದಲ್ಲಿದೆ.

ನಂಬರು ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. 1988ರ ಜುಲೈ 3. ಇರಾನಿನ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ಎಂಬ ಪ್ರಯಾಣಿಕ ವಿಮಾನವನ್ನು ಅಮೆರಿಕದ ವಿನ್‌ಸೆನ್ಸ್ ಎಂಬ ಯುದ್ಧನೌಕೆ ಕ್ಷಿಪಣಿ ಹಾರಿಸಿ ಹೊಡೆದುರುಳಿಸಿತು. 290 ಜನ ಸತ್ತರು. ಅವರಲ್ಲಿ 66 ಮಕ್ಕಳಿದ್ದರು. ನಿಮ್ಮ ಎರಡು ತರಗತಿಯಷ್ಟು ಮಕ್ಕಳು.

ಆ ಹೊತ್ತಿನಲ್ಲಿ ಹಡಗು ಇರಾನಿನ ದೋಣಿಗಳ ಜೊತೆ ಗುಂಡಿನ ಕಾಳಗದಲ್ಲಿತ್ತು. ಒಳಗೆ ಗದ್ದಲ, ಗಾಬರಿ. ವಿಮಾನ ತಮ್ಮ ಕಡೆಗೆ ಇಳಿಯುತ್ತಿದೆ ಎಂದು ಕೆಲವರು ಕೂಗಿದರು. ಆದರೆ ಅದೇ ಹಡಗಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದಾಖಲೆಯ ಪ್ರಕಾರ ವಿಮಾನ ಮೇಲೇರುತ್ತಲೇ ಇತ್ತು. ತನಿಖೆ ನಡೆದಾಗ ಇದು ಬಯಲಾಯಿತು. ನಂತರದ ಅಧ್ಯಯನಗಳು ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿದವು. ಆ ವಿಮಾನಕ್ಕೆ ವಿನ್‌ಸೆನ್ಸ್ ಕೊಟ್ಟ ನಂಬರು 4474. ಹತ್ತಿರದಲ್ಲಿದ್ದ ಇನ್ನೊಂದು ಹಡಗು ಕೊಟ್ಟದ್ದು 4131. ಎರಡೂ ಒಂದೇ ವಿಮಾನ ಎಂದು ಯಂತ್ರ ಗುರುತಿಸಿ 4131 ಅನ್ನು ಉಳಿಸಿಕೊಂಡಿತು. ಅಷ್ಟರಲ್ಲಿ 4474 ಎಂಬ ನಂಬರು ಎಲ್ಲೋ ದೂರದಲ್ಲಿ ಹಾರುತ್ತಿದ್ದ ಬೇರೆ ವಿಮಾನಕ್ಕೆ ಹೋಗಿತ್ತು. ಹಡಗಿನೊಳಗಿದ್ದವರ ಬಾಯಲ್ಲಿ ಮಾತ್ರ ಹಳೆಯ ನಂಬರೇ ಇತ್ತು.

ನಮ್ಮಲ್ಲಿ ಒಂದೇ ಸೈಟಿಗೆ ಎರಡು ಖಾತೆ ಆಗುವುದು, ಹಳೆಯ ಖಾತೆ ನಂಬರು ಇನ್ನೊಬ್ಬರ ಹೆಸರಿಗೆ ಹೋಗುವುದು, ಇದೆಲ್ಲ ನಿಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಕೋರ್ಟಿಗೆ ಅಲೆದು ಸರಿ ಮಾಡಿಸಿಕೊಳ್ಳಬಹುದು. ಆ ಹಡಗಿನಲ್ಲಿ ಸರಿ ಮಾಡಿಕೊಳ್ಳಲು ಇದ್ದದ್ದು ಕೆಲವೇ ನಿಮಿಷ. ನಂಬರಿನ ಗೊಂದಲವೊಂದೇ ಆ ದುರಂತಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ; ಮನುಷ್ಯರ ತಪ್ಪುಗಳು ಅದಕ್ಕಿಂತ ದೊಡ್ಡವು. ಆದರೆ ನನ್ನ ಕೆಲಸದ ಪಾಲು ಇದರಲ್ಲಿ ಎಲ್ಲಿದೆ ಎಂದು ನನಗೆ ಕಂಡದ್ದು ಇಲ್ಲಿಯೇ.

ಇನ್ನು ಪರೀಕ್ಷೆ ಮಾಡುವುದು ಹೇಗೆ? ಹಡಗನ್ನೂ ವಿಮಾನವನ್ನೂ ಸಮುದ್ರದ ಮೇಲೆ ಒಟ್ಟಿಗೆ ತರಬೇಕೆಂದರೆ ಹಣ, ಇಂಧನ, ತಿಂಗಳುಗಟ್ಟಲೆ ತಯಾರಿ ಬೇಕು. ಅದಕ್ಕೇ ದೂರದಿಂದ ಪರೀಕ್ಷಿಸುವ ಪದ್ಧತಿ ಬಂತು. ಹಡಗಿನ ಕಂಪ್ಯೂಟರಿನ ಜೋಡಿ ಒಂದು ಲ್ಯಾಬಿನಲ್ಲಿ, ವಿಮಾನದ್ದು ಸಾವಿರಾರು ಕಿಲೋಮೀಟರ್ ಆಚೆ ಇನ್ನೊಂದು ಲ್ಯಾಬಿನಲ್ಲಿ. ರೇಡಿಯೋದಲ್ಲಿ ಹೋಗಬೇಕಾದ ಸಂದೇಶವನ್ನೇ ಲಕೋಟೆಗೆ ಹಾಕಿದಂತೆ ಕಟ್ಟಿ, ಬೀಗ ಹಾಕಿದ ಜಾಲದ ಮೂಲಕ ಕಳಿಸುತ್ತೇವೆ. ನೇಟೋದವರು ಇದಕ್ಕೆಂದೇ ಮಾಡಿದ ಒಂದು ನಿಯಮಾವಳಿಯ ಹೆಸರು ಸಿಂಪಲ್. ಹೆಸರು ಮಾತ್ರ ಸಿಂಪಲ್!

ಇಲ್ಲದ ವಿಮಾನವೊಂದನ್ನು ಕಂಪ್ಯೂಟರಿನಲ್ಲಿ ಹಾರಿಸಿ ಎರಡೂ ಲ್ಯಾಬಿನ ರಾಡಾರಿಗೆ ತೋರಿಸುತ್ತೇವೆ. ಫೋನಿನಲ್ಲಿ ಒಬ್ಬರು ಪರೀಕ್ಷೆಯ ಹೆಜ್ಜೆಗಳನ್ನು ಓದುತ್ತಾರೆ. "ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆ?" ಎಂದು ಪ್ರತಿ ಹೆಜ್ಜೆಗೂ ಕೇಳುತ್ತಾರೆ. ಕಂಡದ್ದನ್ನು ಹೇಳಬೇಕು. ಹೋದ ಸಂದೇಶ, ಬಂದ ಸಂದೇಶ ಎಲ್ಲವೂ ಎರಡೂ ಕಡೆ ಸಮಯದ ಸಮೇತ ದಾಖಲಾಗುತ್ತವೆ. ಈ ಪದ್ಧತಿಗೆ ಒಂದು ಮಿತಿಯಿದೆ. ಸೆಕೆಂಡಿನ 128ನೇ ಪಾಲಿನ ಲೆಕ್ಕ ತಂತಿಯ ಮೇಲೆ ಉಳಿಯುವುದಿಲ್ಲ. ಸಂದೇಶ ದಾರಿಯಲ್ಲಿ ತಡವಾಗುತ್ತದೆ. ಆದ್ದರಿಂದ ಮಾತಿನ ಅರ್ಥವನ್ನು ಪರೀಕ್ಷಿಸಬಹುದೇ ಹೊರತು ರೇಡಿಯೋವನ್ನಲ್ಲ. ಅದನ್ನು ಕೊನೆಗೆ ಬಯಲಲ್ಲೇ ನೋಡಬೇಕು.

ಈ ಮಿತಿಯೇ ಒಮ್ಮೆ ನನ್ನನ್ನು ತಪ್ಪುದಾರಿಗೆ ಎಳೆಯಿತು. ಒಂದು ಪರೀಕ್ಷೆಯಲ್ಲಿ ನಾವು ಹಾರಿಸಿದ್ದು ಒಂದೇ ವಿಮಾನ, ಆದರೆ ನನ್ನ ಪರದೆಯ ಮೇಲೆ ಎರಡು ಕಂಡವು. ಒಂದು ನಮ್ಮ ರಾಡಾರಿನದು, ಇನ್ನೊಂದು ಆ ಕಡೆಯಿಂದ ಬಂದ ವರದಿ. ನಡುವೆ ಸುಮಾರು ಒಂದು ಕಿಲೋಮೀಟರ್ ಅಂತರ. ಆ ಕಡೆಯವರು, "ಅದು ತಂತಿಯ ತಡ, ನಿಜವಾದ ರೇಡಿಯೋದಲ್ಲಿ ಹೀಗಾಗದು, ಸಣ್ಣ ದೋಷ ಎಂದು ಬರೆಯಿರಿ" ಅಂದರು. ನನ್ನ ಮೇಲಿನವರಿಗೂ ಕೆಲಸ ಬೇಗ ಮುಗಿಯಬೇಕಿತ್ತು. ಸಂಜೆ ಏಳು ಗಂಟೆ, ಮನೆಯಲ್ಲಿ ಮಗುವಿಗೆ ಜ್ವರ. ನಾನು ಹಾಗೆಯೇ ಟೈಪ್ ಮಾಡಿದೆ. ಕಳಿಸುವುದೊಂದೇ ಬಾಕಿ.

ಆಗ ನೆನಪಾದದ್ದು ಈ ಶಾಲೆಯ ಪ್ರಯೋಗ ಶಾಲೆ. ಈಗ ಅಕ್ಕಿ ಮೂಟೆ ಇಡುವ ಆ ಮೂಲೆಯ ಕೋಣೆ. ನಮ್ಮ ವಿಜ್ಞಾನದ ಮೇಷ್ಟ್ರು ಪೀನ ಮಸೂರ ಕೊಟ್ಟು, ಕಿಟಕಿಯಾಚೆಯ ಹೊಂಗೆ ಮರದ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಸಂಗಮ ದೂರ ಅಳೆಯಲು ಹೇಳಿದ್ದರು. ಹಿಂದಿನ ವರ್ಷದ ಅಕ್ಕಂದಿರ ಪುಸ್ತಕದಲ್ಲಿ ಹತ್ತು ಸೆಂಟಿಮೀಟರ್ ಎಂದಿತ್ತು. ನಾನು ಅಳೆಯದೆ 10.1, 9.9, 10 ಎಂದು ಚೆಂದವಾಗಿ ಬರೆದು ಕೊಟ್ಟೆ. ಮೇಷ್ಟ್ರು ಬೈಯಲಿಲ್ಲ. ಸ್ಕೇಲು ಕೈಗೆ ಕೊಟ್ಟು, "ಈಗ ಅಳೆಯಮ್ಮ" ಅಂದರು. ಹದಿನೈದು ಬಂತು. ಆ ವರ್ಷ ಹೊಸ ಮಸೂರ ತರಿಸಿದ್ದರು. "ಬರಬೇಕಾದ್ದನ್ನ ಬರೀಬೇಡ, ಕಂಡದ್ದನ್ನ ಬರಿ" ಅಂದರು. ತರಗತಿಯ ಮುಂದೆ ನನಗಾದ ನಾಚಿಕೆ ಇನ್ನೂ ಮರೆತಿಲ್ಲ.

ಕುರ್ಚಿಯಲ್ಲಿ ಮತ್ತೆ ಕೂತೆ. ದಾಖಲೆ ತೆಗೆದು ಲೆಕ್ಕ ಹಾಕಿದೆ. ಮಕ್ಕಳೇ, ಈ ಲೆಕ್ಕ ನಿಮಗೂ ಬರುತ್ತದೆ. ವಿಮಾನದ ವೇಗ ಸೆಕೆಂಡಿಗೆ 250 ಮೀಟರ್. ತಂತಿಯಲ್ಲಿ ಆದ ತಡ ಸೆಕೆಂಡಿನ ಹತ್ತನೇ ಒಂದಕ್ಕಿಂತ ಕಡಿಮೆ. ಅಷ್ಟರಲ್ಲಿ ವಿಮಾನ ಹೋಗುವುದು ಹೆಚ್ಚೆಂದರೆ 25 ಮೀಟರ್. ಒಂದು ಕಿಲೋಮೀಟರ್ ಅಂತರ ಬರಬೇಕಾದರೆ ನಾಲ್ಕು ಸೆಕೆಂಡು ತಡವಾಗಬೇಕು. ಹಾಗಾದರೆ ತಪ್ಪು ತಂತಿಯದಲ್ಲ! ಟೈಪ್ ಮಾಡಿದ್ದನ್ನು ಅಳಿಸಿ, ಕಂಡದ್ದನ್ನು, ಅಳೆದದ್ದನ್ನು ಬರೆದು ಕಳಿಸಿದೆ.

ಮುಂದಿನ ಕೆಲವು ವಾರ ನನ್ನ ಜೊತೆ ಕಾಫಿಗೆ ಬರುವವರು ಕಡಿಮೆಯಾದರು. ಕೊನೆಗೆ ಸಿಕ್ಕಿತು. ಆ ಕಡೆಯ ತಂತ್ರಾಂಶ ನಾಲ್ಕು ಸೆಕೆಂಡು ಹಿಂದೆ ಕಂಡ ಜಾಗವನ್ನು, ವಿಮಾನ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ ಎಂಬ ಲೆಕ್ಕ ಸೇರಿಸದೆ, ಈಗಿನ ಜಾಗ ಎಂದು ಕಳಿಸುತ್ತಿತ್ತು. ನಿಜವಾದ ರೇಡಿಯೋದಲ್ಲೂ ಹೀಗೇ ಆಗುತ್ತಿತ್ತು. ಒಂದು ವಿಮಾನ ಎರಡಾಗುತ್ತಿತ್ತು. ಎರಡನೆಯದು ಯಾರದು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದನ್ನು ಸರಿಪಡಿಸಿದರು. ಯಾರೂ ನನಗೆ ಹಾರ ಹಾಕಲಿಲ್ಲ. ಆಗದೇ ಹೋದ ಅನಾಹುತಕ್ಕೆ ಹಾರ ಹಾಕುವವರು ಯಾರು?

ನಮ್ಮಮ್ಮ ಒಮ್ಮೆ ನೇರವಾಗಿ ಕೇಳಿದ್ದರು, "ಅದು ಕೊಲ್ಲೋ ಕೆಲಸ ಅಲ್ಲವೇನೇ?" ಇಲ್ಲ ಎಂದು ಸುಳ್ಳು ಹೇಳಲು ಆಗಲಿಲ್ಲ. ಆಯುಧಗಳ ಜಗತ್ತಿನಲ್ಲೇ ನಾನು ಅನ್ನ ತಿಂದಿದ್ದೇನೆ. "ಕೊಲ್ಲಬಾರದವರನ್ನು ಕೊಲ್ಲದ ಹಾಗೆ ನೋಡಿಕೊಳ್ಳೋ ಕೆಲಸನೂ ಅದರಲ್ಲಿ ಒಂದಿದೆಯಮ್ಮ, ನನ್ನದು ಅದು" ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. ನನಗೂ ಪೂರ್ತಿ ಸಮಾಧಾನವಿಲ್ಲ. ನೀವು ದೊಡ್ಡವರಾಗಿ ಇದಕ್ಕಿಂತ ಒಳ್ಳೆಯ ಉತ್ತರ ಹುಡುಕಿ.

ಮೇಷ್ಟ್ರು ಇವತ್ತು ನಮ್ಮೊಂದಿಗಿಲ್ಲ. ಅವರ ನೆನಪಿಗೆ ಶಾಲೆಗೆ ಒಂದು ಪೆಟ್ಟಿಗೆ ಮಸೂರಗಳನ್ನು ತಂದಿದ್ದೇನೆ. ಒಟ್ಟು ನಲವತ್ತು, ಎಲ್ಲವೂ ಬೇರೆ ಬೇರೆ ಅಳತೆಯವು. ಸಂಗಮ ದೂರವನ್ನು ಯಾವುದರ ಮೇಲೂ ಬರೆಸಿಲ್ಲ. ಹೊಂಗೆ ಮರ ಇನ್ನೂ ಇದೆ, ಬರುವಾಗ ನೋಡಿಕೊಂಡೇ ಬಂದೆ. ಕಿಟಕಿಯ ಹತ್ತಿರ ನಿಂತು ನೀವೇ ಅಳೆಯಿರಿ. ಪಕ್ಕದವರ ಪುಸ್ತಕ ನೋಡಬೇಡಿ.