ಮಕ್ಕಳ ಕ್ಯಾನ್ಸರ್: ನಡುವೆ ಬಿಡಬಾರದ ಚಿಕಿತ್ಸೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಡ್‌ಮಾಸ್ತರರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನಾಗ ಇದ್ದಿ, ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡು" ಎಂದರು. ಸರ್, ಕಂಪ್ಯೂಟರ್ ಬಗ್ಗೆ ಈ ಹುಡುಗರ ಕೈಯಲ್ಲಿರುವ ಮೊಬೈಲೇ ನನಗಿಂತ ಹೆಚ್ಚು ಹೇಳುತ್ತದೆ. ಊರಿನಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡದ ಒಂದು ವಿಷಯ ಇದೆ, ಅದನ್ನು ಹೇಳುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಿಕೊಂಡೆ. ಮಕ್ಕಳಿಗೆ ಬರುವ ಕ್ಯಾನ್ಸರ್. ನಾನು ಡಾಕ್ಟರ್ ಅಲ್ಲ, ಬಿ.ಇ. ಓದಿದವನು. ಆದರೆ ನಮ್ಮಕ್ಕನ ಮಗನಿಗೆ ಈ ಕಾಯಿಲೆ ಬಂದು, ಎರಡೂವರೆ ವರ್ಷ ನಾನು ಅದರ ಜೊತೆಗೇ ಇದ್ದೆ. ನೋಡಿದ್ದು, ಡಾಕ್ಟರರನ್ನು ಕೇಳಿ ತಿಳಿದದ್ದು, ಓದಿದ್ದು, ಇಷ್ಟೇ ನನ್ನ ಬಂಡವಾಳ.

ಮೊದಲು "ಯಾಕೆ ಬರುತ್ತದೆ" ಎಂಬ ಪ್ರಶ್ನೆ. ಅಕ್ಕನನ್ನು ಊರಿನವರು ಕೇಳಿದ್ದೆಲ್ಲ ಇದನ್ನೇ. ಬಸುರಿದ್ದಾಗ ಏನು ತಿಂದಿ? ಯಾವ ದೇವರ ಹರಕೆ ತಪ್ಪಿಸಿದಿ? ಸಿಮೆಂಟ್ ಫ್ಯಾಕ್ಟರಿ ಧೂಳು ಇರಬೇಕು ಎಂದರು ಕೆಲವರು. ಒಳಸಂಬಂಧದ ಮದುವೆ, ಅದಕ್ಕೇ ಎಂದರು ಇನ್ನು ಕೆಲವರು. ಕೇಳುವವರಿಗೆ ಕುತೂಹಲ. ತಾಯಿಗೆ ಅದು ರಾತ್ರಿಯೆಲ್ಲ ಕೊರೆಯುವ ಮಾತು.

ದೊಡ್ಡವರ ಕ್ಯಾನ್ಸರ್‌ನಲ್ಲಿ ತಂಬಾಕು, ಗುಟ್ಕಾ, ಬೀಡಿಯ ಪಾಲು ದೊಡ್ಡದು, ಅದು ಸಿದ್ಧವಾದ ಮಾತು. ಮಕ್ಕಳದ್ದು ಹಾಗಲ್ಲ. ಮಗು ಬೆಳೆಯುವಾಗ ಜೀವಕೋಶಗಳು ಒಂದಕ್ಕೆ ಎರಡಾಗುತ್ತಲೇ ಇರುತ್ತವೆ. ಪ್ರತಿ ಸಲ ಸುಮಾರು 300 ಕೋಟಿ ಅಕ್ಷರಗಳ ಬರಹವೊಂದು ನಕಲಾಗಬೇಕು. ನನ್ನ ಕಸುಬಿನಲ್ಲಿ ಹತ್ತು ಸಾಲು ನಕಲು ಮಾಡಿದರೂ ಒಂದು ತಪ್ಪು ನುಸುಳುತ್ತದೆ. ದೇಹ ಬಹುಪಾಲು ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದ ತಪ್ಪು, ಬೆಳವಣಿಗೆಯ ಲಗಾಮು ಹಿಡಿದ ಜಾಗದಲ್ಲೇ ಬಿದ್ದರೆ ಆ ಕೋಶ ನಿಲ್ಲದೆ ಬೆಳೆಯುತ್ತದೆ. ತಂದೆತಾಯಿಯಿಂದ ಬಂದ ದೋಷ ಕಾರಣವಾಗುವುದು ನೂರರಲ್ಲಿ ಸುಮಾರು ಹತ್ತು ಮಕ್ಕಳಲ್ಲಿ. ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಅಂಥದ್ದರಲ್ಲಿ ಒಂದು, ಮನೆಯಲ್ಲಿ ಒಬ್ಬರಿಗೆ ಇದ್ದರೆ ಹುಟ್ಟಿದ ಕೂಸಿನ ಕಣ್ಣನ್ನೂ ಪರೀಕ್ಷಿಸಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಅಪಾಯ ಹೆಚ್ಚು. ಒಳಸಂಬಂಧದಿಂದ ಕೆಲವು ಅಪರೂಪದ ವಂಶದ ಕಾಯಿಲೆಗಳು ಹೆಚ್ಚುತ್ತವೆ, ಅವುಗಳಲ್ಲಿ ಒಂದೆರಡು ಕ್ಯಾನ್ಸರಿಗೆ ದಾರಿ ಮಾಡುತ್ತವೆ, ಆದರೆ ಸಾಮಾನ್ಯವಾಗಿ ಮಕ್ಕಳಿಗೆ ಬರುವ ಕ್ಯಾನ್ಸರಿಗೆ ಅದು ಕಾರಣವಲ್ಲ. ಹೆಚ್ಚು ಪ್ರಮಾಣದ ವಿಕಿರಣ ಖಚಿತವಾಗಿ ಗೊತ್ತಿರುವ ಅಪಾಯ. ತೊಗರಿಗೆ ಹೊಡೆಯುವ ಔಷಧಿಯ ಬಗ್ಗೆ ಕೆಲವು ಅಧ್ಯಯನಗಳು ಸಂಬಂಧ ತೋರಿಸಿವೆ, ಸಾಬೀತಾಗಿಲ್ಲ. ಆದರೂ ಪಂಪು ಹೊತ್ತು ಹೋಗುವಾಗ ಮಕ್ಕಳನ್ನು, ಬಸುರಿಯರನ್ನು ಹೊಲದಿಂದ ದೂರ ಇಡಿ. ಫ್ಯಾಕ್ಟರಿ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದೇ, ಅದರ ಜಗಳ ಬೇರೆ ಮಾಡೋಣ. ತಾಯಿ ತಿಂದದ್ದರಿಂದ, ಯಾರದೋ ಶಾಪದಿಂದ ಇದು ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನಮ್ಮ ಹುಡುಗನ ಜೊತೆ ಆಡಬೇಡ ಎಂದು ಓಣಿಯ ಮಕ್ಕಳಿಗೆ ಹೇಳಿದ್ದರು, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರಲ್ಲಿ ಹೆಚ್ಚು ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ನಮ್ಮ ಹುಡುಗನಿಗೆ ಬಂದದ್ದೂ ಅದೇ. 2019ರಲ್ಲಿ ಅವನಿಗೆ ಆರು ವರ್ಷ. ಜ್ವರ ಬಂದು ಹೋಗುತ್ತಿತ್ತು, ಕಾಲು ನೋವೆಂದು ಅಳುತ್ತಿದ್ದ, ಮುಖ ಬಿಳಿಚಿಕೊಂಡಿತ್ತು, ಎಲ್ಲೂ ಬೀಳದೆ ತೊಡೆಯ ಮೇಲೆ ನೀಲಿ ಕಲೆ. ಒಬ್ಬರು ಟೈಫಾಯಿಡ್ ಎಂದರು, ಇನ್ನೊಬ್ಬರು ಮೈಯಾಗ ರಕ್ತಿಲ್ಲ ಎಂದು ಟಾನಿಕ್ ಕೊಟ್ಟರು. ಕೊನೆಗೆ ಒಬ್ಬ ಡಾಕ್ಟರು ಸಿಬಿಸಿ ಮಾಡಿಸಿದಾಗ ಗೊತ್ತಾಯಿತು. ಸಿಬಿಸಿ ಎಂದರೆ ರಕ್ತಕಣಗಳ ಎಣಿಕೆ, ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ.

ಎರಡು ವಾರ ಕಳೆದರೂ ಬಿಡದ ಜ್ವರ, ಕುತ್ತಿಗೆಯಲ್ಲಿ ಕರಗದ ಗಂಟು, ಒಸಡಿನಲ್ಲಿ ರಕ್ತ, ಕಾರಣವಿಲ್ಲದೆ ಕುಂಟುವುದು, ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಮತ್ತು ವಾಂತಿ, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ಮೊಬೈಲ್ ಫೋಟೊದಲ್ಲಿ ಕಣ್ಣಿನ ಗುಡ್ಡೆ ಬೆಳ್ಳಗೆ ಹೊಳೆಯುವುದು. ಇವು ಕಂಡರೆ ಹೆಚ್ಚಿನ ಸಲ ಬೇರೇನೋ ಸಣ್ಣ ಕಾರಣ ಇರುತ್ತದೆ, ಆದರೂ ಪರೀಕ್ಷೆ ಮಾಡಿಸಿಬಿಡಿ. ಅವ್ವಂದಿರು ಇದನ್ನು ನೆನಪಿಡಿ. ಇನ್ನೊಂದು ಮಾತು: ಬಿಡದ ಜ್ವರಕ್ಕೆ ರಕ್ತಪರೀಕ್ಷೆ ಇಲ್ಲದೆ ಸ್ಟೆರಾಯಿಡ್ ಸೂಜಿ ಹಾಕಿಸಬೇಡಿ. ಸ್ಟೆರಾಯಿಡ್ ಲುಕೇಮಿಯಾದ ಕಣಗಳನ್ನು ಸ್ವಲ್ಪ ದಿನ ಕೊಲ್ಲುತ್ತದೆ. ಹುಡುಗ ಗೆಲುವಾಗುತ್ತಾನೆ, ರೋಗ ಮರೆಯಾಗುತ್ತದೆ, ಪತ್ತೆ ತಡವಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಶುರುವಾಯಿತು. ಮೊದಲ ಹಂತ ಸುಮಾರು ನಾಲ್ಕೈದು ವಾರ. ಅದು ಮುಗಿದಾಗ ಅಸ್ಥಿಮಜ್ಜೆ ಪರೀಕ್ಷೆಯಲ್ಲಿ ಕೆಟ್ಟ ಕಣ ಕಾಣಲಿಲ್ಲ. ಹುಡುಗ ರೊಟ್ಟಿ ಕೇಳಿ ತಿನ್ನತೊಡಗಿದ. ಊರಿನಲ್ಲಿ ತೊಗರಿ ರಾಶಿ ಬಂದಿತ್ತು. ಭಾವನ ಅಣ್ಣತಮ್ಮಂದಿರು ಫೋನ್ ಮಾಡಿದರು: "ಆರಾಮ ಆಗ್ಯಾನಲ್ಲ, ಇನ್ನೂ ಎರಡು ವರ್ಷ ಅಲ್ಲೇ ಕೂತು ಏನು ಮಾಡ್ತೀರಿ? ರಾಶಿ ಮುಗಿಸಿ ನೋಡೋಣ." ಭಾವ ಬ್ಯಾಗು ಕಟ್ಟಿದ್ದರು. ಅವರನ್ನು ದೂರಲಾರೆ. ಕೂಲಿ ಹೋಗಿತ್ತು, ಸಾಲ ಬಂದಿತ್ತು, ಕಣ್ಣೆದುರಿಗೆ ಮಗ ನಗುತ್ತಿದ್ದ.

ಆ ದಿನ ಡಾಕ್ಟರಮ್ಮ ಭಾವನನ್ನು ಕೂಡಿಸಿಕೊಂಡು, ನೀವು ಯಾವ ಬೆಳೆ ಬೆಳೀತೀರಿ ಎಂದು ಕೇಳಿದರು. ಎರಿ ಹೊಲ, ತೊಗರಿ ಎಂದರು ಭಾವ. ಹೊಲದಲ್ಲಿ ಕರಕಿ ಬಂದರೆ ಮೇಲೆ ಕೆತ್ತಿ ಬಿಡ್ತೀರೇನು ಎಂದು ಕೇಳಿದರು. ಭಾವ ಸುಮ್ಮನಾದರು. ಸೂಕ್ಷ್ಮದರ್ಶಕಕ್ಕೆ ಕಾಣದಿದ್ದರೂ ಕೋಟಿಗಟ್ಟಲೆ ಕಣ ಉಳಿದಿರುತ್ತವೆ. ಮಿದುಳು, ಬೆನ್ನುಹುರಿಯ ಸುತ್ತ ಅಡಗುತ್ತವೆ, ಅದಕ್ಕೇ ಬೆನ್ನಿಗೆ ಸೂಜಿ ಚುಚ್ಚಿ ಔಷಧಿ ಕೊಡುವುದು. ಬಿಟ್ಟು ಹೋದರೆ ರೋಗ ಹೆಚ್ಚುಕಡಿಮೆ ಖಂಡಿತ ಮರಳುತ್ತದೆ, ಮರಳಿದ್ದು ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ. ಭಾವ ಬ್ಯಾಗು ಬಿಚ್ಚಿದರು.

ಇದರ ಹಿಂದೆ ಒಂದು ಇತಿಹಾಸವಿದೆ, ನಮ್ಮ ಪಕ್ಕದವರದೇ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ ಔಷಧ ಕಂಪನಿಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದರು. ಅವರ ತಂಡ ಫೋಲಿಕ್ ಆಮ್ಲವನ್ನೂ ಅದನ್ನು ತಡೆಯುವ ಅಮಿನೊಪ್ಟೆರಿನ್ ಎಂಬ ಔಷಧವನ್ನೂ ತಯಾರಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ಲುಕೇಮಿಯಾ ಇದ್ದ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳು, ಮತ್ತೆ ರೋಗ ಬಂತು. ಒಂದೇ ಔಷಧಿ, ಸ್ವಲ್ಪ ಕಾಲ ಕೊಟ್ಟರೆ ಸಾಲದು ಎಂಬುದು ಆ ಮಕ್ಕಳಿಂದ ಜಗತ್ತಿಗೆ ತಿಳಿಯಿತು. ಇಂದು ಅದೇ ಜಾತಿಯ ಮೆಥೊಟ್ರೆಕ್ಸೇಟ್ ಜೊತೆ ನಾಲ್ಕಾರು ಔಷಧಿ ಸೇರಿಸಿ ಎರಡು, ಎರಡೂವರೆ, ಮೂರು ವರ್ಷದವರೆಗೂ ಕೊಡುತ್ತಾರೆ. ಅವುಗಳಲ್ಲಿ ವಿನ್‌ಕ್ರಿಸ್ಟೀನ್ ಬಂದದ್ದು ನಮ್ಮ ಅಂಗಳದ ಕಾಶಿಕಣಗಿಲೆಯಿಂದ. ಹಾಗೆಂದು ಯಾರೂ ಅದರ ಎಲೆ ಅರೆದು ಕುಡಿಸಬೇಡಿ, ಅದು ವಿಷ. ಟನ್‌ಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ತೆಗೆದು, ಅಳೆದು ಕೊಡುವ ಮದ್ದು.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಮೂವತ್ತೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ ಅರವತ್ತು ಮಕ್ಕಳಾದರೂ ಉಳಿಯಬೇಕೆಂದು 2018ರಲ್ಲಿ ಗುರಿ ಇಟ್ಟಿದೆ. ತಡವಾಗಿ ಪತ್ತೆಯಾಗುವುದು, ನಡುವೆ ಬಿಟ್ಟುಹೋಗುವುದು, ಸೋಂಕು ತಗಲುವುದು, ಈ ಅಂತರಕ್ಕೆ ಇವು ದೊಡ್ಡ ಕಾರಣಗಳು.

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮಗೆ ನೆನಪಿರಬಹುದು, ಇದಕ್ಕೂ ಮೊದಲಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊಟ್ಟಮೊದಲು ಆರಂಭವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲೇ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಇರಲಿ, ಆಧಾರ್‌ನಲ್ಲಿ ಅದೇ ಕಾಗುಣಿತ ಇರಲಿ. ಒಂದು ದೀರ್ಘ, ಒಂದು ಒತ್ತಕ್ಷರ ತಪ್ಪಿದರೆ ಎಷ್ಟು ಓಡಾಡಬೇಕು ಎಂಬುದನ್ನು ನನ್ನ ಭಾವನನ್ನು ಕೇಳಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮೊದಲು ಇದನ್ನು ಕೇಳಿಕೊಳ್ಳಿ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರ ಇದೆ. ಯಾವ ಹಂತದ ಔಷಧಿ ಅಲ್ಲೇ ತೆಗೆದುಕೊಳ್ಳಬಹುದು ಎಂದು ಬೆಂಗಳೂರಿನ ಡಾಕ್ಟರರನ್ನೇ ಕೇಳಿ. ಯೋಜನೆ ಕೊಡದಿರುವುದು ಕಳೆದುಹೋದ ಕೂಲಿ, ಬಾಡಿಗೆ, ಊರಿನಲ್ಲಿ ಉಳಿದ ಇನ್ನೊಂದು ಮಗುವಿನ ಊಟ. ಕುಟುಂಬಗಳು ಮುರಿಯುವುದು ಅಲ್ಲಿ. ನೆರವು ಮಾಡುವವರು ಆಸ್ಪತ್ರೆ ಬಿಲ್ಲಿಗಿಂತ ಇದಕ್ಕೆ ಮಾಡಿ.

ಮಾಸ್ತರರಿಗೆ, ಬಾಯೋರಿಗೆ ಒಂದು ಬಿನ್ನಹ. ಮೊದಲ ಕಠಿಣ ತಿಂಗಳುಗಳು ಕಳೆದ ಮೇಲೆ, ಗುಳಿಗೆ ನುಂಗುತ್ತಲೇ ಮಗು ಶಾಲೆಗೆ ಬರಬಹುದು. ತಲೆಯಲ್ಲಿ ಕೂದಲು ಇರಲಿಕ್ಕಿಲ್ಲ. ಮುಂದಿನ ಬೆಂಚಿಗೆ ಕೂಡಿಸಿ, ಹಿಂದೆ ಬಿದ್ದ ಪಾಠ ಹೇಳಿಕೊಡಿ. ತರಗತಿಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ಗೊಬ್ಬರ ಬಂದರೆ ಆ ದಿನವೇ ತಂದೆತಾಯಿಗೆ ತಿಳಿಸಿ, ಆ ಮಗುವಿಗೆ ಅದು ಜೀವದ ಪ್ರಶ್ನೆ. ಮೈ ಬಿಸಿ 100.4 ಡಿಗ್ರಿ ಮುಟ್ಟಿದರೆ ನಾಳೆ ನೋಡೋಣ ಎನ್ನುವಂತಿಲ್ಲ, ಕೂಡಲೇ ಆಸ್ಪತ್ರೆ.

ನಮ್ಮ ಹುಡುಗನ ಔಷಧಿ 2022ರಲ್ಲಿ ನಿಂತಿತು. ಈಗಲೂ ತಪಾಸಣೆಗೆ ಹೋಗುತ್ತಾನೆ. ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗಿಯ ಮನೆಯವರು ಆ ರಾಶಿಯ ಹೊತ್ತಿಗೆ ಊರಿಗೆ ಹೋದವರು ಮರಳಿ ಬರಲಿಲ್ಲ. ಅಕ್ಕ ಆಮೇಲೆ ಒಮ್ಮೆ ಅವರಿಗೆ ಫೋನ್ ಮಾಡಿದ್ದಳು, ಏನು ಹೇಳಿದರೆಂದು ನನಗೆ ಹೇಳಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಚಿಕಿತ್ಸೆಯ ಹೊತ್ತಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ, ಅದನ್ನು ಐದು ದಿನಕ್ಕಿಂತ ಹೆಚ್ಚು ಕೂಡಿಡಲಾಗುವುದಿಲ್ಲ, ಆಗಾಗ ಹೊಸದಾಗಿ ಕೊಡುವವರು ಬೇಕು. ಬೆಂಗಳೂರಿನಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದ ಪಟ್ಟಿಯೊಂದನ್ನು ಹೆಡ್‌ಮಾಸ್ತರರ ಕೋಣೆಯಲ್ಲಿ ಇಟ್ಟಿದ್ದೇನೆ. ಸದ್ಯ ಹದಿನಾಲ್ಕು ಹೆಸರು ಇವೆ. ಊಟಕ್ಕೆ ಹೋಗುವ ಮೊದಲು ಉಳಿದವರೂ ಬರೆದು ಹೋಗಿ, ಪೆನ್ನು ಅಲ್ಲೇ ಇದೆ.