ಆಕಾಶ ತಿಳಿಯಾಗಿದೆ, ಕಡಲು ಸುಮ್ಮನಿದೆಯಾ? ಕೆರಿಬಿಯನ್ ದ್ವೀಪಗಳ ದಿನದ ಹವಾಮಾನ

ಇವತ್ತಿನ ಸಂಚಿಕೆಯಲ್ಲಿ ನಾವು ಸ್ವಲ್ಪ ದೂರ ಹೋಗ್ತಿದ್ದೀವಿ, ಕೆರಿಬಿಯನ್ ದ್ವೀಪಗಳಿಗೆ.

ಮೊದಲು ಒಂದು ದಿನಾಂಕ ನೆನಪು ಮಾಡ್ಕೊಳ್ಳಿ. 2024ರ ಜೂನ್ 29. ಬಾರ್ಬಡೋಸ್‌ನ ಬ್ರಿಜ್‌ಟೌನ್, ಕೆನ್ಸಿಂಗ್ಟನ್ ಓವಲ್ ಮೈದಾನ. ಟಿ20 ವಿಶ್ವಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿತು. ಬೌಂಡರಿ ಗೆರೆ ಹತ್ತಿರ ಸೂರ್ಯಕುಮಾರ್ ಹಿಡಿದ ಕ್ಯಾಚು, ಕೋಚ್ ಆಗಿದ್ದ ನಮ್ಮ ರಾಹುಲ್ ದ್ರಾವಿಡ್ ಕಪ್ ಎತ್ತಿ ಕೂಗಿದ್ದು, ಇದೆಲ್ಲ ನಿಮ್ಮ ಫೋನಿನಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಪಂದ್ಯ ಮಳೆಯ ಕಾಟವಿಲ್ಲದೆ ಮುಗೀತು. ಆದ್ರೆ ಗೆದ್ದ ತಂಡಕ್ಕೆ ಊರಿಗೆ ಹೊರಡೋಕೆ ಆಗಲಿಲ್ಲ. ಬೆರಿಲ್ ಅನ್ನೋ ಚಂಡಮಾರುತ ಬರ್ತಿತ್ತು, ವಿಮಾನ ನಿಲ್ದಾಣ ಮುಚ್ಚಿದರು. ಕೊನೆಗೆ ವಿಶೇಷ ವಿಮಾನದಲ್ಲಿ ಹೊರಟು ಜುಲೈ 4ರ ಬೆಳಿಗ್ಗೆ ದೆಹಲಿ ತಲುಪಿದರು.

ನಮ್ಮ ಸುದ್ದಿ ಅಲ್ಲಿಗೆ ಮುಗೀತು. ಬಾರ್ಬಡೋಸ್‌ನವರ ಸುದ್ದಿ ಮುಗಿಯಲಿಲ್ಲ. ಬೆರಿಲ್‌ನ ಕೇಂದ್ರ ಆ ದ್ವೀಪದ ಮೇಲೆ ಹಾದುಹೋಗಲೇ ಇಲ್ಲ, ದಕ್ಷಿಣಕ್ಕೆ 100 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ಹಾದು ಹೋಯ್ತು. ಊರಿನ ಮನೆಗಳು ಹೆಚ್ಚುಕಡಿಮೆ ಉಳಿದವು. ಆದ್ರೆ ಬ್ರಿಜ್‌ಟೌನ್‌ನ ಮೀನುಗಾರಿಕಾ ಬಂದರಿನೊಳಗೆ ಅಲೆ ನುಗ್ಗಿ, ಕಟ್ಟಿ ಹಾಕಿದ್ದ ಬೋಟುಗಳು ಒಂದಕ್ಕೊಂದು ಬಡಿದು ಪುಡಿಯಾದವು, ಕೆಲವು ಮುಳುಗಿದವು. ಬಾರ್ಬಡೋಸ್ ಅಂದ್ರೆ ಹಾರುವ ಮೀನಿನ ನಾಡು, ಅವರ ರಾಷ್ಟ್ರೀಯ ಊಟದಲ್ಲೇ ಆ ಮೀನಿದೆ. ಗಾಳಿ ಬಿಟ್ಟ ಊರನ್ನು ಅಲೆ ಹೊಡೀತು. ಇವತ್ತು ನಾವು ಮಾತಾಡೋದು ಇದನ್ನೇ: ತಲೆ ಮೇಲಿನ ಆಕಾಶಕ್ಕೂ ಕಾಲ ಕೆಳಗಿನ ಕಡಲಿಗೂ ಸಂಬಂಧವೇ ಇಲ್ಲದ ದಿನಗಳಿರುತ್ತವೆ. ಆ ದ್ವೀಪದ ಜನ ಅದನ್ನು ತಿಳ್ಕೊಂಡು ಹೇಗೆ ಬದುಕ್ತಾರೆ?

ಈಗ ನಿಮ್ಮ ಫೋನಿನ ಹವಾಮಾನ ಆ್ಯಪ್‌ನಲ್ಲಿ ಬ್ರಿಜ್‌ಟೌನ್ ಅಂತ ಹಾಕಿ ನೋಡಿ. ಜನವರಿಯಲ್ಲಿ ನೋಡಿದ್ರೆ ಮಧ್ಯಾಹ್ನ 28, 29 ಡಿಗ್ರಿ. ಆಗಸ್ಟ್‌ನಲ್ಲಿ ನೋಡಿದ್ರೆ 31. ಅಷ್ಟೇ ವ್ಯತ್ಯಾಸ. ಸಮುದ್ರದ ನೀರು ಕೂಡ ಹಾಗೇ, ಫೆಬ್ರುವರಿ ಹೊತ್ತಿಗೆ ಸುಮಾರು 26 ಡಿಗ್ರಿ, ಸೆಪ್ಟೆಂಬರ್ ಹೊತ್ತಿಗೆ 29. ಐಕಾನ್ ಕೂಡ ಹೆಚ್ಚಿನ ದಿನ ಒಂದೇ: ಮೋಡದ ಹಿಂದಿಂದ ಇಣುಕೋ ಸೂರ್ಯ, ಕೆಳಗೆ ಎರಡು ಹನಿ. ಒಂದು ವಾರ ನೋಡಿದ್ರೆ ನಿಮಗೆ ಬೇಜಾರಾಗುತ್ತೆ.

ಇದಕ್ಕೆ ಕಾರಣ ಹೈಸ್ಕೂಲ್ ಭೂಗೋಳದಲ್ಲಿ ಓದಿದ್ದೀರಿ, ವಾಣಿಜ್ಯ ಮಾರುತಗಳು. ಅಟ್ಲಾಂಟಿಕ್ ಮೇಲಿಂದ ಪೂರ್ವ, ಈಶಾನ್ಯ ದಿಕ್ಕಿನ ಗಾಳಿ ವರ್ಷದ ಬಹುಪಾಲು ದಿನ ಬೀಸ್ತಾನೇ ಇರುತ್ತೆ. ಹಿಂದೆ ಹಾಯಿ ಹಡಗುಗಳು ಯುರೋಪಿನಿಂದ ಆ ಕಡೆ ಹೋಗ್ತಿದ್ದಿದ್ದೇ ಈ ಗಾಳಿಯ ಬಲದಲ್ಲಿ. ಅದು ತರೋ ಪುಟ್ಟ ಪುಟ್ಟ ಮೋಡಗಳು ಹತ್ತು ನಿಮಿಷ ಮಳೆ ಸುರಿಸಿ ಮುಂದೆ ಹೋಗ್ತವೆ, ಮತ್ತೆ ಬಿಸಿಲು. ಡಿಸೆಂಬರ್‌ನಿಂದ ಮೇ ವರೆಗೆ ಒಣ ಕಾಲ, ಜೂನ್‌ನಿಂದ ನವೆಂಬರ್‌ವರೆಗೆ ಮಳೆಗಾಲ. ಆ ಜೂನ್ 1ರಿಂದ ನವೆಂಬರ್ 30ರ ಅವಧಿಯೇ ಚಂಡಮಾರುತದ ಕಾಲ ಕೂಡ.

ಆಕಾಶದ ಸುದ್ದಿ ದಿನಾ ಒಂದೇ ಆಗಿದ್ರೆ ಹವಾಮಾನ ವರದಿ ಯಾಕೆ ಕೇಳ್ತಾರೆ? ಅಲ್ಲೇ ಇರೋದು ವಿಷಯ. ಆ ದ್ವೀಪಗಳ ದಿನದ ವರದಿಯಲ್ಲಿ ಮಳೆಯ ಪಕ್ಕದಲ್ಲೇ ಕಡಲಿನ ಲೆಕ್ಕ ಇರುತ್ತೆ. ಗಾಳಿ ಯಾವ ದಿಕ್ಕಿಂದ, ಎಷ್ಟು ವೇಗ. ತೆರೆದ ಕಡಲಲ್ಲಿ ಅಲೆ ಎಷ್ಟು ಮೀಟರ್. ಸಣ್ಣ ದೋಣಿಗಳಿಗೆ ಎಚ್ಚರಿಕೆ ಇದೆಯಾ. ಪೋರ್ಟೊ ರಿಕೊದಲ್ಲಿ ಅಲೆ ಸುಮಾರು 7 ಅಡಿ ಮುಟ್ಟುತ್ತೆ ಅಂದ್ರೆ ಸಣ್ಣ ದೋಣಿಯವರಿಗೆ ಎಚ್ಚರಿಕೆ ಹೊರಡುತ್ತೆ. ಮೀನು ಹಿಡಿಯೋಕೆ ಹೋಗಬೇಕಾ, ಪಕ್ಕದ ದ್ವೀಪಕ್ಕೆ ಫೆರ್ರಿ ಹೊರಡುತ್ತಾ, ಪ್ರವಾಸಿಗರನ್ನು ಕರ್ಕೊಂಡು ಹೋಗಬಹುದಾ, ದಿನದ ಸಂಪಾದನೆ ಈ ನಾಲ್ಕು ಸಾಲಿನ ಮೇಲೆ ನಿಂತಿರುತ್ತೆ.

ಈಗ ದ್ವೀಪದ ನಕ್ಷೆ ಕಣ್ಮುಂದೆ ತಂದ್ಕೊಳ್ಳಿ. ಗಾಳಿ ಸದಾ ಪೂರ್ವದಿಂದ. ಹಾಗಾಗಿ ಪೂರ್ವದ ದಂಡೆ ಯಾವಾಗಲೂ ಅಬ್ಬರ. ಬಾರ್ಬಡೋಸ್‌ನ ಪೂರ್ವದಲ್ಲಿ ಬಾತ್ಶೀಬಾ ಅಂತ ಜಾಗ ಇದೆ, ಸರ್ಫಿಂಗ್ ಮಾಡೋರಿಗೆ ಸ್ವರ್ಗ, ಸುಮ್ಮನೆ ಈಜೋರಿಗೆ ಅಪಾಯ. ಅದೇ ದ್ವೀಪದ ಪಶ್ಚಿಮಕ್ಕೆ ಬಂದ್ರೆ ನೀರು ಕೆರೆ ತರಹ. ಒಂದು ದಂಡೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ದ್ವೀಪವೇ ಗಾಳಿಗೆ ಅಡ್ಡ ನಿಂತು ಪಶ್ಚಿಮಕ್ಕೆ ಮರೆ ಮಾಡಿದೆ. ಅದಕ್ಕೇ ಜನ ಊರು ಕಟ್ಟಿದ್ದು ಮರೆಯಿರೋ ಕಡೆ. ಡೊಮಿನಿಕಾದ ರಾಜಧಾನಿ ರೋಸೋ ಪಶ್ಚಿಮ ದಂಡೆಯಲ್ಲಿದೆ. ಗ್ರೆನಡಾದ ಸೇಂಟ್ ಜಾರ್ಜಸ್ ಪಶ್ಚಿಮದ ಕಡೆ. ಬ್ರಿಜ್‌ಟೌನ್ ನೈಋತ್ಯದಲ್ಲಿ. ಬಂದರು, ರಸ್ತೆ, ಹೋಟೆಲ್, ಎಲ್ಲ ಶಾಂತ ನೀರಿನ ಪಕ್ಕ.

ನೂರಾರು ವರ್ಷಗಳ ಅನುಭವದಿಂದ ಬಂದ ಬುದ್ಧಿ ಇದು. ಹೆಚ್ಚಿನ ದಿನ ಸರಿಯಾಗಿಯೇ ಕೆಲಸ ಮಾಡುತ್ತೆ. ಕೆಲವು ದಿನ ಅಲೆ ಬೇರೆ ದಿಕ್ಕಿಂದ ಬರುತ್ತೆ.

1999ರ ನವೆಂಬರ್‌ನಲ್ಲಿ ಹಾಗಾಯ್ತು. ಆ ಭಾಗದ ಚಂಡಮಾರುತಗಳು ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತವೆ. ಲೆನ್ನಿ ಅನ್ನೋ ಚಂಡಮಾರುತ ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ ನಡೀತು. ಜನ ಅದಕ್ಕೆ ‘ಉಲ್ಟಾ ದಾರಿಯ ಲೆನ್ನಿ’ ಅಂತ ಹೆಸರಿಟ್ಟರು. ಅದರ ಅಲೆಗಳು ಯಾವತ್ತೂ ಶಾಂತವಾಗಿರೋ ಪಶ್ಚಿಮ ದಂಡೆಗಳಿಗೆ ನೇರವಾಗಿ ಬಡಿದವು. ಲೆನ್ನಿ ಇದ್ದಿದ್ದು ಉತ್ತರದಲ್ಲಿ. ಅದರಿಂದ ನೂರಾರು ಕಿಲೋಮೀಟರ್ ದಕ್ಷಿಣದ ಗ್ರೆನಡಾದಲ್ಲೂ ದಂಡೆಯ ರಸ್ತೆಗಳು ಕಿತ್ತುಹೋದವು.

ಲೆನ್ನಿ ಥರದ್ದು ಅಪರೂಪ. ಆದ್ರೆ ಪ್ರತಿ ಚಳಿಗಾಲ ಬರೋ ಅತಿಥಿ ಒಂದಿದೆ. ಅದೇ ಸ್ವೆಲ್. ಅಂದ್ರೆ ದೂರದ ಬಿರುಗಾಳಿಯಲ್ಲಿ ಹುಟ್ಟಿ, ಆ ಗಾಳಿಯನ್ನೇ ಹಿಂದೆ ಬಿಟ್ಟು ಓಡಿ ಬರೋ ಉದ್ದನೆ ಅಲೆ. ಡಿಸೆಂಬರ್‌ನಿಂದ ಮಾರ್ಚ್ ಮಧ್ಯೆ ಅಮೆರಿಕ, ಕೆನಡಾಗಳ ಪೂರ್ವಕ್ಕೆ ಅಟ್ಲಾಂಟಿಕ್‌ನಲ್ಲಿ ದೊಡ್ಡ ಬಿರುಗಾಳಿಗಳು ಏಳ್ತವೆ. ಅಲ್ಲಿ ಹಿಮ ಬೀಳ್ತಿರುತ್ತೆ. ಆ ಅಲೆಗಳು ದಿನಕ್ಕೆ ಸುಮಾರು 1000 ಕಿಲೋಮೀಟರ್ ಲೆಕ್ಕದಲ್ಲಿ ದಕ್ಷಿಣಕ್ಕೆ ಹೊರಡ್ತವೆ. ಎರಡು ಮೂರು ದಿನದ ಮೇಲೆ ಕೆರಿಬಿಯನ್ ದ್ವೀಪಗಳ ಉತ್ತರ ದಂಡೆ ಮುಟ್ಟಿ, ಮೂಲೆ ಸುತ್ತಿ ಪಶ್ಚಿಮ ದಂಡೆಗೂ ಬರ್ತವೆ. ಆ ಹೊತ್ತಿಗೆ ದ್ವೀಪದಲ್ಲಿ ಹೇಗಿರುತ್ತೆ ಗೊತ್ತಾ? ನೀಲಿ ಆಕಾಶ, ತೆಳು ಗಾಳಿ, 28 ಡಿಗ್ರಿ. ಫೋನಿನಲ್ಲಿ ಅದೇ ಸೂರ್ಯನ ಐಕಾನ್. 2008ರ ಮಾರ್ಚ್‌ನಲ್ಲಿ ಬಂದ ಇಂಥ ಒಂದು ಸ್ವೆಲ್ ಹಲವು ದ್ವೀಪಗಳ ದಂಡೆಯನ್ನು ಹಾಳು ಮಾಡಿತು. ಪೋರ್ಟೊ ರಿಕೊದ ಪಶ್ಚಿಮ ತುದಿಯ ರಿಂಕಾನ್ ಊರಿನವರಿಗೆ ಮಾತ್ರ ಈ ಚಳಿಗಾಲದ ಅಲೆಗಳಂದ್ರೆ ಹಬ್ಬ. 1968ರಲ್ಲಿ ವಿಶ್ವ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆದ ಊರು ಅದು. ಒಬ್ಬರ ಹೊಟ್ಟೆಪಾಡಿಗೆ ಕಲ್ಲು ಹಾಕೋ ಅಲೆ ಇನ್ನೊಬ್ಬರಿಗೆ ಆಟ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಗಮನ ಇಟ್ಟು ಕೇಳಿ. ವರದಿಯಲ್ಲಿ ಅಲೆಯ ಎತ್ತರದ ಜೊತೆ ಇನ್ನೊಂದು ಸಂಖ್ಯೆ ಇರುತ್ತೆ, ಅಲೆಯ ಅವಧಿ. ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡ್ ಅನ್ನೋದು. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಆದ್ರೆ 6, 7 ಸೆಕೆಂಡ್. ದೂರದ ಸ್ವೆಲ್ ಆದ್ರೆ 12, 14, 16 ಸೆಕೆಂಡ್. ಎತ್ತರ ಒಂದೇ ಇದ್ರೂ ಅವಧಿ ಹೆಚ್ಚಾದಷ್ಟು ಅಲೆಯ ಶಕ್ತಿ ಹೆಚ್ಚು, ದಂಡೆಗೆ ಬಂದಾಗ ಅದು ಇನ್ನೂ ಮೇಲೇಳುತ್ತೆ. ಅವಧಿ ಉದ್ದ ಇರೋದ್ರಿಂದ ನೋಡೋಕೆ ಕಡಲು ಸಾವಧಾನವಾಗಿ ಇದ್ದಂಗೆ ಕಾಣುತ್ತೆ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗಿ, ಆಮೇಲೆ ಕೆಲವು ನಿಮಿಷ ಏನೂ ಇರಲ್ಲ. ಆ ಬಿಡುವಿನಲ್ಲಿ ಜನ ಬಂಡೆ ಮೇಲೆ ಇಳಿದು ಫೋಟೊಗೆ ನಿಲ್ಲೋದು.

ಇನ್ನೊಂದು ಮಾತು. ವರದಿಯಲ್ಲಿ ‘ಅಲೆ 2 ಮೀಟರ್’ ಅಂತಿದ್ರೆ ಎಲ್ಲ ಅಲೆಯೂ 2 ಮೀಟರ್ ಅಂತಲ್ಲ. ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಅದು. ನಡುವೆ ಒಂದೊಂದು ಅದರ ಹೆಚ್ಚುಕಡಿಮೆ ಎರಡು ಪಟ್ಟು ಬರಬಹುದು. ಮೀನುಗಾರರು ಈ ಲೆಕ್ಕವನ್ನು ಕಾಗದದ ಮೇಲೆ ಕಲಿಯಲ್ಲ, ಮೈಮೇಲೆ ಕಲೀತಾರೆ.

ಅಲೆ ಮಾತ್ರ ಅಲ್ಲ, ಆ ದ್ವೀಪಗಳಿಗೆ ದೂರದಿಂದ ಬರೋದು ಇನ್ನೂ ಇವೆ. ಬೇಸಿಗೆಯಲ್ಲಿ ಆಫ್ರಿಕಾದ ಸಹಾರಾ ಮರುಭೂಮಿಯ ಧೂಳು ಸಾವಿರಾರು ಕಿಲೋಮೀಟರ್ ಹಾರಿ ಬಂದು ಆಕಾಶ ಮಬ್ಬಾಗುತ್ತೆ, ಅಸ್ತಮಾ ಇರೋರು ಒದ್ದಾಡ್ತಾರೆ. 2020ರ ಜೂನ್‌ನಲ್ಲಿ ಬಂದ ಧೂಳಿನ ಮೋಡ ಎಷ್ಟು ದೊಡ್ಡದಿತ್ತು ಅಂದ್ರೆ ಅದಕ್ಕೆ ಗಾಡ್ಜಿಲ್ಲಾ ಅಂತ ಅಡ್ಡಹೆಸರು ಬಿತ್ತು. ಹಾಗೇ 2011ರಿಂದ ಸರ್ಗಾಸಮ್ ಅನ್ನೋ ಕಂದು ಕಡಲಕಳೆ ಅಟ್ಲಾಂಟಿಕ್‌ನಿಂದ ರಾಶಿ ರಾಶಿ ತೇಲಿ ಬಂದು ಬೀಚ್‌ಗಳಲ್ಲಿ ಕೊಳೆಯೋಕೆ ಶುರುವಾಯ್ತು. ಕೊಳೆತ ಮೊಟ್ಟೆಯ ವಾಸನೆ. ಬೋಟಿನ ಪ್ರೊಪೆಲ್ಲರ್‌ಗೂ ಸುತ್ತಿಕೊಳ್ಳುತ್ತೆ. ಇವತ್ತು ಯಾವ ಬೀಚಿಗೆ ಎಷ್ಟು ಕಳೆ ಬರುತ್ತೆ ಅಂತ ನೋಡೋದೂ ಅಲ್ಲಿನವರ ದಿನಚರಿಯ ಭಾಗವಾಗಿದೆ.

ಎಲ್ಲಕ್ಕಿಂತ ದೊಡ್ಡದು ಚಂಡಮಾರುತ. ಅದೂ ಹೆಚ್ಚಾಗಿ ಆಫ್ರಿಕಾ ಕಡೆಯಿಂದ ಶುರುವಾಗಿ ಬರೋದು. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ 7 ದಿನ ಮುಂಚಿನಿಂದಲೇ ಎಲ್ಲಿ ಏನು ಹುಟ್ಟಬಹುದು ಅಂತ ಹೇಳುತ್ತೆ. ಹುಟ್ಟಿದ ಮೇಲೆ 6 ಗಂಟೆಗೊಮ್ಮೆ, ನೆಲ ಹತ್ತಿರವಾದಾಗ 3 ಗಂಟೆಗೊಮ್ಮೆ ಮಾಹಿತಿ ಬರುತ್ತೆ. ದಾರಿ ಹೇಳೋದು ಈಗ ಸುಧಾರಿಸಿದೆ. ಎಷ್ಟು ಬೇಗ ಬಲ ಪಡೆಯುತ್ತೆ ಅನ್ನೋದೇ ಕಷ್ಟ. 2017ರ ಸೆಪ್ಟೆಂಬರ್ 18ರ ರಾತ್ರಿ ಡೊಮಿನಿಕಾಗೆ ಬಡಿದ ಮರಿಯಾ ಚಂಡಮಾರುತ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಒಂದನೇ ದರ್ಜೆಯಿಂದ ಐದನೇ ದರ್ಜೆಗೆ ಏರಿತ್ತು. ಬೆರಿಲ್ ಕೂಡ ಹಾಗೇ. ಜೂನ್ 28ಕ್ಕೆ ಬರೀ ವಾಯುಭಾರ ಕುಸಿತ. ಫೈನಲ್ ನಡೆದ 29ಕ್ಕೆ ಚಂಡಮಾರುತ. 30ಕ್ಕೆ ನಾಲ್ಕನೇ ದರ್ಜೆ. ಜುಲೈ 1ಕ್ಕೆ ಗ್ರೆನಡಾದ ಕ್ಯಾರಿಯಾಕೂ ಅನ್ನೋ ಪುಟ್ಟ ದ್ವೀಪದ ಮೇಲೆ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚಿನ ಗಾಳಿ. ಪಕ್ಕದ ಯೂನಿಯನ್ ದ್ವೀಪದಲ್ಲಿ ಮನೆಗಳಿಗೆ ಚಾವಣಿ ಉಳಿದಿದ್ದೇ ಅಪರೂಪ. ಆಮೇಲೆ ಅದು ಐದನೇ ದರ್ಜೆಗೂ ಹೋಯ್ತು. ದಾಖಲೆ ಇರೋ ಮಟ್ಟಿಗೆ ಅಟ್ಲಾಂಟಿಕ್‌ನಲ್ಲಿ ವರ್ಷದ ಅಷ್ಟು ಬೇಗ ಐದನೇ ದರ್ಜೆ ಮುಟ್ಟಿದ್ದು ಅದೇ ಮೊದಲು. ಸೆಪ್ಟೆಂಬರ್‌ನಲ್ಲಿ ಇರಬೇಕಾದ ಬಿಸಿ ಆ ವರ್ಷ ಜೂನ್‌ನಲ್ಲೇ ಕಡಲ ನೀರಿನಲ್ಲಿತ್ತು.

ಇದೆಲ್ಲ ಕೇಳಿ ‘ಅಲ್ಲಿನ ಕತೆ ನಮಗ್ಯಾಕೆ’ ಅಂದ್ಕೊಂಡ್ರಾ? ಸ್ವೆಲ್‌ನ ವಿಷಯದಲ್ಲಿ ನಮ್ಮ ಕರಾವಳಿಯೂ ಅದೇ ಪರೀಕ್ಷೆ ಬರೀತಿದೆ. ಭಾರತದ ತುದಿಯಿಂದ ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ಕೆಳಭಾಗದಲ್ಲಿ ಬಿರುಗಾಳಿ ಎದ್ದರೆ ಆ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತೆ, ಹೆಚ್ಚಾಗಿ ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಬಿಸಿಲು ಚುರುಗುಡ್ತಿರುತ್ತೆ, ಕಡಲು ಇದ್ದಕ್ಕಿದ್ದಂತೆ ಮನೆ ಅಂಗಳಕ್ಕೆ ಬಂದಿರುತ್ತೆ. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಅಂತಾರೆ. ಕನ್ನಡಿಗರಿಗೆ ಅನುವಾದ ಬೇಕಾಗಿಲ್ಲ, ಕಳ್ಳನ ಹಾಗೆ ಬರೋ ಕಡಲು. 2012ರಲ್ಲಿ ಯುನೆಸ್ಕೊ ಈ ಪದವನ್ನೇ ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೇರಳದ ಜೊತೆಗೆ ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೂ ದೊಡ್ಡ ಅಲೆಯ ಮುನ್ನೆಚ್ಚರಿಕೆ ಕೊಡುತ್ತೆ.

ಈಗ ನೀವು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಮಲ್ಪೆಗೋ ಗೆಳೆಯರ ಜೊತೆ ಹೊರಟಿದ್ದೀರಿ ಅಂದ್ಕೊಳ್ಳಿ. ಮೂರು ಕೆಲಸ ಮಾಡಿ. ಒಂದು, ಮಳೆ ಬರುತ್ತಾ ಅಂತ ನೋಡೋ ಅದೇ ಫೋನಿನಲ್ಲಿ ಇನ್‌ಕಾಯಿಸ್‌ನ ಅಲೆಯ ಮುನ್ಸೂಚನೆ ನೋಡಿ. ಎತ್ತರ ನೋಡಿ, ಅವಧಿಯನ್ನೂ ನೋಡಿ. ಅವಧಿ 12 ಸೆಕೆಂಡ್ ದಾಟಿದ್ರೆ ನೀರಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯೋದು ಬೇಡ. ಎರಡು, ನೀರಿಗೆ ಇಳಿಯೋ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ನಿಂತು ನೋಡಿ, ದೊಡ್ಡ ಅಲೆಗಳ ಒಂದು ಗುಂಪಾದ್ರೂ ಕಣ್ಣಿಗೆ ಬೀಳಲಿ. ಮೂರು, ಅಲ್ಲಿನ ಮೀನುಗಾರರು, ಲೈಫ್‌ಗಾರ್ಡ್‌ಗಳು ಬೇಡ ಅಂದ್ರೆ ಬೇಡ. ‘ಇಷ್ಟು ಒಳ್ಳೆ ಬಿಸಿಲಿದೆಯಲ್ಲಾ ಅಣ್ಣಾ’ ಅಂತ ವಾದ ಮಾಡ್ಬೇಡಿ. ಅವರು ನೋಡ್ತಿರೋದು ಬಿಸಿಲನ್ನಲ್ಲ.

ಇವತ್ತಿಗೆ ಇಷ್ಟು. ಈ ವಾರಾಂತ್ಯ ಬೀಚಿಗೆ ಹೊರಟಿರೋ ಗೆಳೆಯರ ಗುಂಪು ನಿಮ್ಮ ವಾಟ್ಸ್‌ಆ್ಯಪ್‌ನಲ್ಲಿ ಇದ್ರೆ ಈ ಸಂಚಿಕೆಯನ್ನು ಅಲ್ಲಿಗೆ ಹಾಕಿ. ಕರಾವಳಿಯವರಾಗಿದ್ರೆ ಇಂಥ ಅಲೆಗೆ ನಿಮ್ಮೂರಲ್ಲಿ ಏನಂತ ಕರೀತಾರೆ ಅಂತ ನಮಗೆ ಬರೆದು ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.